ಮನೆಗೊಂದೇ ಅಂತರ್ಜಾಲ ಸಂಪರ್ಕ: ಎಲ್ಲರಿಗೂ ಸಾಲುವುದು ಹೇಗೆ?



ನಮ್ಮ ವಿಜ್ಞಾನ ಮಾತುಕತೆ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ನಕ್ಷತ್ರ, ಗ್ರಹಣ, ಹಾವು, ಪರೀಕ್ಷೆಯ ಭಯ ಇವುಗಳನ್ನು ಕುರಿತವು. ಆದರೆ ಹಾಸನ ಜಿಲ್ಲೆಯ ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿನಿಯೊಬ್ಬಳು ಬರೆದ ಪತ್ರ ಮಾತ್ರ ಮನೆಜಗಳವೊಂದರ ವರದಿಯಂತಿತ್ತು. ಅದರ ಸಾರಾಂಶ ಹೀಗಿದೆ.

ಅವರ ಮನೆಗೆ ಒಂದೇ ಅಂತರ್ಜಾಲ ಸಂಪರ್ಕ. ಸಂಜೆ ಏಳು ಗಂಟೆಗೆ ಈಕೆಗೆ ಸಿ.ಇ.ಟಿ. ತಯಾರಿಯ ಆನ್‌ಲೈನ್ ತರಗತಿ. ಅಧ್ಯಾಪಕರ ಚಿತ್ರ ಹೇಗೋ ಬರುತ್ತದೆ. ಆದರೆ ಅವರು ಪ್ರಶ್ನೆ ಕೇಳಿದಾಗ ಈಕೆ ಕೊಡುವ ಉತ್ತರ ಅತ್ತ ಕಡೆ ತುಂಡು ತುಂಡಾಗಿ, ತಡವಾಗಿ ಕೇಳಿಸುತ್ತದೆ. ಉತ್ತರ ಗೊತ್ತಿಲ್ಲವೆಂದು ಭಾವಿಸಿ ಅಧ್ಯಾಪಕರು ಮುಂದಿನವರನ್ನು ಕೇಳುತ್ತಾರೆ. ಅದೇ ಹೊತ್ತಿಗೆ ತಮ್ಮ ಮೊಬೈಲಿನಲ್ಲಿ ಆಟ ಆಡುತ್ತಿರುತ್ತಾನೆ. ತಂದೆಯವರು ತಿಂಗಳಿಗೆ ಹೆಚ್ಚು ಹಣ ಕೊಟ್ಟು ಸೆಕೆಂಡಿಗೆ 40 ಮೆಗಾಬಿಟ್ ವೇಗದ ಯೋಜನೆಯನ್ನು 100 ಮೆಗಾಬಿಟ್‌ಗೆ ಬದಲಾಯಿಸಿದರು. ಆದರೂ ತೊಂದರೆ ಹೋಗಲಿಲ್ಲ. ಈಗ ತಮ್ಮನ ಮೊಬೈಲನ್ನು ಕಸಿದುಕೊಳ್ಳುವ ಮಾತು ನಡೆದಿದೆ, ಅವನು ಅಳುತ್ತಿದ್ದಾನೆ. "ಸಾರ್, ತಪ್ಪು ಯಾರದು?" ಎಂದು ಪತ್ರ ಮುಗಿದಿತ್ತು.

ಇದು ಒಂದು ಮನೆಯ ಪ್ರಶ್ನೆಯಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಶಾಲೆ, ಕಾಲೇಜು, ಕಚೇರಿಗಳೆಲ್ಲ ಒಟ್ಟಿಗೆ ಮನೆಯೊಳಕ್ಕೆ ಬಂದಾಗ ಸಾವಿರಾರು ಕುಟುಂಬಗಳಿಗೆ ಇದೇ ಅನುಭವವಾಯಿತು. ಆದ್ದರಿಂದ ತೀರ್ಪು ಹೇಳುವ ಮುನ್ನ, ಒಂದು ಸಂಪರ್ಕವನ್ನು ಹಲವು ಯಂತ್ರಗಳು ಹಂಚಿಕೊಳ್ಳುವುದಾದರೂ ಹೇಗೆ ಎಂಬುದನ್ನು ನೋಡೋಣ. ಇಲ್ಲಿ ಹಂಚಿಕೆಯಾಗುವುದು ಒಂದಲ್ಲ, ಎರಡು ವಸ್ತುಗಳು. ಮೊದಲನೆಯದು ವಿಳಾಸ. ಎರಡನೆಯದು ದಾರಿ.

ಪೊಟ್ಟಣಗಳ ಸಂಚಾರ

ಚಿತ್ರವಾಗಲಿ, ಧ್ವನಿಯಾಗಲಿ, ಬರಹವಾಗಲಿ, ಅಂತರ್ಜಾಲದಲ್ಲಿ ಇಡಿಯಾಗಿ ಹೋಗುವುದಿಲ್ಲ. ಅದನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಕಟ್ಟಿ ಕಳಿಸಲಾಗುತ್ತದೆ. ಕಂಪ್ಯೂಟರ್ ತಜ್ಞರು ಇದನ್ನು ಪ್ಯಾಕೆಟ್ ಎನ್ನುತ್ತಾರೆ. ಮನೆಯ ಸಂಪರ್ಕದಲ್ಲಿ ಒಂದು ಪೊಟ್ಟಣದ ಗಾತ್ರ ಸಾಮಾನ್ಯವಾಗಿ 1500 ಬೈಟ್ ಮೀರುವುದಿಲ್ಲ. ಪ್ರತಿ ಪೊಟ್ಟಣದ ಮೇಲೂ ಅಂಚೆ ಲಕೋಟೆಯ ಮೇಲಿರುವಂತೆ 'ಇವರಿಗೆ', 'ಇವರಿಂದ' ಎಂಬ ಎರಡು ವಿಳಾಸಗಳಿರುತ್ತವೆ.

1960ರ ದಶಕದಲ್ಲಿ ಅಮೆರಿಕದ ಪಾಲ್ ಬರಾನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಬೇರೆ ಬೇರೆಯಾಗಿ ಈ ವಿಧಾನವನ್ನು ಯೋಚಿಸಿದರು. ಇದರ ಲಾಭ ತಿಳಿಯಬೇಕಾದರೆ ಹಳೆಯ ಟ್ರಂಕ್ ಕರೆಯನ್ನು ನೆನೆಯಬೇಕು. ಅಲ್ಲಿ ಇಬ್ಬರು ಮಾತಿಗೆ ತೊಡಗಿದರೆ ಅವರ ನಡುವಿನ ದಾರಿ ಅವರಿಗೇ ಮೀಸಲು. ಅವರು ಸುಮ್ಮನೆ ಕುಳಿತಿದ್ದರೂ ಮೂರನೆಯವರು ಅದನ್ನು ಬಳಸುವಂತಿಲ್ಲ. ಪೊಟ್ಟಣದ ವಿಧಾನದಲ್ಲಿ ಹಾಗಿಲ್ಲ. ಒಂದೇ ರಸ್ತೆಯಲ್ಲಿ ಬಸ್ಸು, ಲಾರಿ, ಸ್ಕೂಟರು ಒಂದರ ಹಿಂದೊಂದು ಹೋಗುವಂತೆ ನಿಮ್ಮ ಪೊಟ್ಟಣದ ಹಿಂದೆ ನನ್ನದು, ನನ್ನದರ ಹಿಂದೆ ಮತ್ತೊಬ್ಬರದು ಹೋಗುತ್ತದೆ. ಅಂದರೆ ಅಂತರ್ಜಾಲವು ಹುಟ್ಟಿನಿಂದಲೇ ಹಂಚಿಕೊಳ್ಳುವ ವ್ಯವಸ್ಥೆ.

ಒಂದು ವಿಳಾಸ, ಹಲವು ಯಂತ್ರ

ಈಗ ವಿಳಾಸದ ಮಾತು. 1981ರಲ್ಲಿ ಪ್ರಕಟವಾದ ಅಂತರ್ಜಾಲ ನಿಯಮಾವಳಿಯ ಪ್ರಕಾರ ಪ್ರತಿ ವಿಳಾಸವೂ 32 ಬಿಟ್‌ಗಳ ಒಂದು ಸಂಖ್ಯೆ. ಓದಲು ಸುಲಭವಾಗಲೆಂದು ಅದನ್ನು 0ರಿಂದ 255ರವರೆಗಿನ ನಾಲ್ಕು ಸಂಖ್ಯೆಗಳಾಗಿ, ನಡುವೆ ಚುಕ್ಕೆಯಿಟ್ಟು ಬರೆಯುತ್ತಾರೆ. ಗಣಿತದ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಿ: 2ರ ಘಾತ 32 ಎಂದರೆ 4,29,49,67,296. ಸುಮಾರು 429 ಕೋಟಿ. ಅಂದಿಗೆ ಅದು ಸಮುದ್ರದಂತೆ ಕಂಡಿರಬೇಕು. ಇಂದು ಪ್ರಪಂಚದ ಜನಸಂಖ್ಯೆಯೇ 800 ಕೋಟಿ ದಾಟಿದೆ. ಒಬ್ಬೊಬ್ಬರ ಬಳಿ ಎರಡು ಮೂರು ಯಂತ್ರಗಳಿವೆ. ಜಾಗತಿಕ ದಾಸ್ತಾನಿನ ಕೊನೆಯ ಭಾಗಗಳನ್ನು 2011ರ ಫೆಬ್ರವರಿ 3ರಂದು ಹಂಚಿ ಮುಗಿಸಲಾಯಿತು. ನಮ್ಮ ಏಷ್ಯಾ–ಪೆಸಿಫಿಕ್ ಪ್ರದೇಶದಲ್ಲಿ ಅದೇ ವರ್ಷದ ಏಪ್ರಿಲ್ 15ರಿಂದ ವಿಳಾಸಗಳು ಪಡಿತರದಂತೆ ಅಳೆದು ಕೊಡುವ ವಸ್ತುವಾದವು.

ಹಾಗಾದರೆ ನಿಮ್ಮ ಮನೆಯ ಹತ್ತು ಯಂತ್ರಗಳಿಗೆ ಹತ್ತು ವಿಳಾಸ ಎಲ್ಲಿಂದ ಬಂತು? ಬಂದಿಲ್ಲ. ಬಂದಿರುವುದು ಹೆಚ್ಚೆಂದರೆ ಒಂದೇ.

ಇಲ್ಲಿ ಒಂದು ಹಳೆಯ ನೆನಪು ಹೇಳಬೇಕು. ನಾನು ಹುಡುಗನಾಗಿದ್ದಾಗ ಮನೆಗೆ ದೂರವಾಣಿ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿತ್ತು. ನಮ್ಮ ಬೀದಿಗೆಲ್ಲ ಒಂದೇ ಮನೆಯಲ್ಲಿ ದೂರವಾಣಿ. ಉಳಿದವರೆಲ್ಲ ಆ ನಂಬರನ್ನೇ ತಮ್ಮ ಲಗ್ನಪತ್ರಿಕೆಯಲ್ಲೂ ಅರ್ಜಿಗಳಲ್ಲೂ ಬರೆದು ಪಕ್ಕದಲ್ಲಿ 'ಪಿ.ಪಿ.' ಎಂದು ಸೇರಿಸುತ್ತಿದ್ದರು. ಅಲ್ಲಿಂದ ಕರೆ ಮಾಡುವುದು ಸುಲಭವಾಗಿತ್ತು. ಹೋಗಿ, ನಂಬರು ತಿರುಗಿಸಿ, ಮಾತಾಡಿ, ದುಡ್ಡು ಕೊಟ್ಟು ಬಂದರಾಯಿತು. ಉತ್ತರ ಬರುವುದು ನಿಮ್ಮ ಕೈಯಲ್ಲಿದ್ದ ರಿಸೀವರಿಗೇ. ಹೊರಗಿನವರು ಕರೆ ಮಾಡಿದಾಗ ಮಾತ್ರ ಫಜೀತಿ. "ಯಾರು ಬೇಕು?" ಎಂದು ಕೇಳಿ, ಹುಡುಗನನ್ನು ಓಡಿಸಿ ಕರೆಸಬೇಕು. ಹೆಸರು ಹೇಳದಿದ್ದರೆ ಕರೆ ಅಲ್ಲಿಗೇ ಮುಗಿಯಿತು.

ಮನೆಯ ಅಂತರ್ಜಾಲವೂ ಒಂದು ಪಿ.ಪಿ. ನಂಬರ್. ಗೋಡೆಯ ಮೇಲೆ ಮಿಣುಕುವ ದೀಪಗಳೊಂದಿಗೆ ಕುಳಿತಿರುವ ರೂಟರ್ ಎಂಬ ಪೆಟ್ಟಿಗೆಯೇ ಆ ದೂರವಾಣಿಯ ಮನೆ. ಹೊರಜಗತ್ತಿಗೆ ಗೊತ್ತಿರುವುದು ಅದರ ವಿಳಾಸ ಒಂದೇ. ಒಳಗಿನ ಯಂತ್ರಗಳಿಗೆ ಅದು ಮನೆಮಟ್ಟಿನ ವಿಳಾಸಗಳನ್ನು ತಾನೇ ಕೊಡುತ್ತದೆ. ಇದಕ್ಕೆಂದೇ ಮೂರು ಗುಂಪುಗಳನ್ನು 1996ರ ಫೆಬ್ರವರಿಯ ನಿಯಮದಲ್ಲಿ ಮೀಸಲಿಡಲಾಗಿದೆ: 10ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಆರಂಭವಾಗುವವು. ನಿಮ್ಮ ಮೊಬೈಲಿನ ವಿಳಾಸ 192.168.1.5 ಆಗಿರಬಹುದು, ಎದುರು ಮನೆಯ ಅಜ್ಜಿಯ ಟೀವಿಯದೂ ಅದೇ ಆಗಿರಬಹುದು. ಊರಿಗೊಂದು ರಾಮಮಂದಿರ ರಸ್ತೆ ಇರುವಂತೆ. ಬೇರೆ ಬೇರೆ ಊರಿನಲ್ಲಿರುವ ತನಕ ಗೊಂದಲವಿಲ್ಲ. ಈ ವಿಳಾಸಗಳು ಮನೆಯ ಹೊಸ್ತಿಲು ದಾಟುವಂತಿಲ್ಲ.

ಪೆಟ್ಟಿಗೆಯ ನೆನಪಿನ ಪುಸ್ತಕ

ಹೊಸ್ತಿಲಿನಲ್ಲಿ ರೂಟರ್ ಒಂದು ಸಣ್ಣ ಕೈಚಳಕ ಮಾಡುತ್ತದೆ. ಇದನ್ನು 1994ರ ಮೇ ತಿಂಗಳಲ್ಲಿ ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬ ಇಬ್ಬರು ತಂತ್ರಜ್ಞರು ಒಂದು ಟಿಪ್ಪಣಿಯಲ್ಲಿ ವಿವರಿಸಿದರು. ವಿಳಾಸದ ಕೊರತೆಗೆ ದೀರ್ಘಕಾಲದ ಪರಿಹಾರ ಸಿಗುವ ತನಕ ಇರಲಿ ಎಂದು ಸೂಚಿಸಿದ ಈ ಉಪಾಯ ಇಂದಿಗೂ ಮನೆಮನೆಯಲ್ಲಿ ನಡೆಯುತ್ತಿದೆ. ಇದಕ್ಕೆ 'ನ್ಯಾಟ್' ಎಂದು ಹೆಸರು. ಕನ್ನಡದಲ್ಲಿ ವಿಳಾಸ ಬದಲಾವಣೆ ಎನ್ನೋಣ.

ಪ್ರತಿ ಪೊಟ್ಟಣದಲ್ಲೂ ವಿಳಾಸದ ಜತೆಗೆ 'ಪೋರ್ಟ್' ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ವಿಳಾಸವು ಮನೆ ಸಂಖ್ಯೆಯಾದರೆ ಪೋರ್ಟ್ ಕೋಣೆಯ ಸಂಖ್ಯೆ. ಇದು 16 ಬಿಟ್‌ಗಳದ್ದು. ಆದ್ದರಿಂದ 65,536 ಬಗೆಯಲ್ಲಿ ಇರಬಹುದು. ಮನೆಯ ಹೊರವಿಳಾಸ 203.0.113.7 ಎಂದಿಟ್ಟುಕೊಳ್ಳೋಣ. (ಇಂಥ ಉದಾಹರಣೆಗಳಿಗೆಂದೇ ಮೀಸಲಿಟ್ಟ ವಿಳಾಸ ಇದು.) ಅಕ್ಕನ ಕಂಪ್ಯೂಟರ್ 192.168.1.5, ತಮ್ಮನ ಮೊಬೈಲ್ 192.168.1.6. ಇಬ್ಬರೂ ಒಂದೇ ಕ್ಷಣದಲ್ಲಿ ಹೊರಗಿನ ಎರಡು ತಾಣಗಳಿಗೆ ಕೋರಿಕೆ ಕಳಿಸುತ್ತಾರೆ. ಆಗ ರೂಟರ್ ತನ್ನ ಪುಸ್ತಕದಲ್ಲಿ ಹೀಗೆ ಬರೆದುಕೊಳ್ಳುತ್ತದೆ:

192.168.1.5ರ ಪೋರ್ಟ್ 51000 — ಹೊರಗೆ ಪೋರ್ಟ್ 40001
192.168.1.6ರ ಪೋರ್ಟ್ 51000 — ಹೊರಗೆ ಪೋರ್ಟ್ 40002

ಬಳಿಕ ಪೊಟ್ಟಣದ ಮೇಲಿನ 'ಇವರಿಂದ' ಎಂಬ ಜಾಗದಲ್ಲಿ ಒಳವಿಳಾಸವನ್ನು ಅಳಿಸಿ 203.0.113.7 ಎಂದು ಬರೆದು, ಹೊಸ ಪೋರ್ಟ್ ಸಂಖ್ಯೆ ಸೇರಿಸಿ ಹೊರಗೆ ಬಿಡುತ್ತದೆ. ಉತ್ತರ 40002ಕ್ಕೆ ಬಂತೆ? ಪುಸ್ತಕ ತೆರೆದು ನೋಡಿ, ವಿಳಾಸ ತಿದ್ದಿ, ತಮ್ಮನಿಗೆ ತಲುಪಿಸುತ್ತದೆ. ಇದೆಲ್ಲ ಮುಗಿಯಲು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಕಾಗುವುದಿಲ್ಲ. ಕೆಲವು ಕಾಲ ಮಾತುಕತೆ ನಡೆಯದಿದ್ದರೆ ಆ ಸಾಲನ್ನು ಅಳಿಸಿಬಿಡುತ್ತದೆ.

ಇದರಿಂದ ಎರಡು ಪರಿಣಾಮಗಳಿವೆ. ಯಾರೂ ಕೇಳದೆ ಹೊರಗಿನಿಂದ ತಾನಾಗಿ ಬಂದ ಪೊಟ್ಟಣಕ್ಕೆ ಪುಸ್ತಕದಲ್ಲಿ ಸಾಲು ಇರುವುದಿಲ್ಲ. ರೂಟರ್ ಅದನ್ನು ಎಸೆದುಬಿಡುತ್ತದೆ. ಇದು ಒಂದು ಬಗೆಯ ರಕ್ಷಣೆ. ಆದರೆ ಹೆಸರು ಹೇಳದ ಪಿ.ಪಿ. ಕರೆಯಂತೆ, ನಿಮ್ಮನ್ನು ಹುಡುಕಿಕೊಂಡು ಬಂದ ಸ್ನೇಹಿತನೂ ಬಾಗಿಲಲ್ಲೇ ಉಳಿಯುತ್ತಾನೆ. ನೀವೇ ಒಂದು ಜಾಲತಾಣ ಕಟ್ಟಿ ಮನೆಯ ಕಂಪ್ಯೂಟರಿನಿಂದ ಜಗತ್ತಿಗೆ ತೋರಿಸಬೇಕೆಂದರೆ, ಇಂಥ ಪೋರ್ಟಿಗೆ ಬಂದದ್ದನ್ನು ಇಂಥ ಯಂತ್ರಕ್ಕೆ ಕೊಡು ಎಂದು ರೂಟರಿಗೆ ಮೊದಲೇ ಹೇಳಿಡಬೇಕು. ಇತ್ತೀಚೆಗೆ ಅನೇಕ ಸೇವಾ ಸಂಸ್ಥೆಗಳು ತಮ್ಮ ಕಡೆಯೂ ಇನ್ನೊಂದು ವಿಳಾಸ ಬದಲಾವಣೆಯನ್ನು ಇಟ್ಟು, ಒಂದೇ ಹೊರವಿಳಾಸವನ್ನು ಹಲವಾರು ಮನೆಗಳಿಗೆ ಹಂಚುತ್ತವೆ. ಅಂಥಲ್ಲಿ ನಿಮ್ಮ ರೂಟರಿಗೆ ಹೇಳಿದರೂ ಪ್ರಯೋಜನವಿಲ್ಲ. ಅಂತರ್ಜಾಲದಲ್ಲಿ ಎಲ್ಲರೂ ಕೇಳಬಹುದು, ಎಲ್ಲರೂ ಹೇಳಬಹುದು ಎಂಬ ಮೂಲ ಆಶಯಕ್ಕೆ ಇದು ಒಂದು ಕೊರತೆಯೇ.

ಇದಕ್ಕೆ ನಿಜವಾದ ಪರಿಹಾರ ಐ.ಪಿ. ಆರನೆಯ ಆವೃತ್ತಿ. ಅದರಲ್ಲಿ ವಿಳಾಸ 128 ಬಿಟ್‌ಗಳದ್ದು. 34ರ ಮುಂದೆ 37 ಸೊನ್ನೆ ಹಾಕಿದರೆ ಆಗುವಷ್ಟು ವಿಳಾಸಗಳು ಅದರಲ್ಲಿವೆ. ಮನೆಯ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ ಕೊಡಬಹುದು. ಇದರ ಬಳಕೆಯಲ್ಲಿ ಭಾರತವು ಪ್ರಪಂಚದ ಮುಂಚೂಣಿಯ ದೇಶಗಳಲ್ಲಿ ಒಂದು. ನಿಮ್ಮ ಮೊಬೈಲ್ ಈಗಾಗಲೇ ಇದನ್ನು ಬಳಸುತ್ತಿರಬಹುದು.

ಆದರೆ ಗಮನಿಸಿ, ವಿಳಾಸದ ಹಂಚಿಕೆಯಿಂದ ಯಾರ ಮಾತೂ ತುಂಡಾಗುವುದಿಲ್ಲ. ಎಷ್ಟು ವಿಳಾಸ ಬಂದರೂ ಮನೆಯಿಂದ ಹೊರಡುವ ದಾರಿ ಒಂದೇ. ನಮ್ಮ ವಿದ್ಯಾರ್ಥಿನಿಯ ತೊಂದರೆ ಇರುವುದು ಆ ದಾರಿಯಲ್ಲಿ.

ಆರು ಕಂಪ್ಯೂಟರ್, ಒಂದು ಮೋಡೆಮ್

ದಾರಿಯ ಹಂಚಿಕೆಯನ್ನು ನಮ್ಮ ರಾಜ್ಯದ ಜನ ಮನೆಯಲ್ಲಿ ಕಲಿತದ್ದಲ್ಲ, ಸೈಬರ್ ಕೆಫೆಗಳಲ್ಲಿ ಕಲಿತದ್ದು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮರುವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಕೆಫೆ ಕಾಫಿ ಡೇಯಲ್ಲಿ ಕಾಫಿಯ ಜತೆ ಅಂತರ್ಜಾಲವೂ ಸಿಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣದ ಬಳಿಯೆಲ್ಲ ಇಂಥ ಅಂಗಡಿಗಳು ಎದ್ದವು.

ನಾನು ಬಿ.ಎಸ್ಸಿ. ಓದುತ್ತಿದ್ದಾಗ ಹೋಗುತ್ತಿದ್ದ ಅಂಗಡಿಯಲ್ಲಿ ಆರು ಕಂಪ್ಯೂಟರ್, ಒಂದು ದೂರವಾಣಿ ತಂತಿ, ಒಂದು ಮೋಡೆಮ್ ಇದ್ದವು. ವೇಗ ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೊಬಿಟ್. ಮೋಡೆಮ್ ಜೋಡಿಸಿದ ಕಂಪ್ಯೂಟರೇ ಉಳಿದವಕ್ಕೆ ಹಂಚುತ್ತಿತ್ತು. 1999ರ ವಿಂಡೋಸ್ 98 ಎರಡನೆಯ ಆವೃತ್ತಿಯಲ್ಲಿ ಈ ಸೌಲಭ್ಯ ಜತೆಗೇ ಬಂದಿತ್ತು. 300 ಕಿಲೊಬೈಟಿನ ಒಂದು ಫೋಟೋ ಎಂದರೆ 2400 ಕಿಲೊಬಿಟ್. ಒಬ್ಬರೇ ಇದ್ದರೆ ಅದು ಇಳಿಯಲು ಸುಮಾರು 43 ಸೆಕೆಂಡ್. ಆರೂ ಜನ ಒಂದೊಂದು ಫೋಟೋ ತೆರೆದರೆ ನಾಲ್ಕು ನಿಮಿಷಕ್ಕೂ ಮೇಲೆ. ಆಗ ಮಾಲೀಕರು ಗಲ್ಲಾಪೆಟ್ಟಿಗೆಯಿಂದಲೇ, "ಯಾರ್ರೀ ಅದು ಪಿಕ್ಚರ್ ಇಳಿಸ್ತಿರೋದು? ಇಂಟರ್‌ವ್ಯೂ ಕಾಗದ ನೋಡೋರಿದ್ದಾರೆ, ಸ್ವಲ್ಪ ನಿಲ್ಲಿಸಿ" ಎಂದು ಕೂಗುತ್ತಿದ್ದರು. ಯಾರ ಕೆಲಸ ತುರ್ತು, ಯಾರದು ತಡೆಯಬಹುದು ಎಂದು ನೋಡಿ ಹೇಳುವ ಮನುಷ್ಯ ಅಲ್ಲಿದ್ದ. ಈ ಕೂಗನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಾಳಿಯಲ್ಲಿ ಸರದಿ

ಮನೆಯೊಳಗೆ ತಂತಿಯಿಲ್ಲದೆ ಹಂಚುವ ವ್ಯವಸ್ಥೆಯೇ ವೈ-ಫೈ. ಇದು ರೇಡಿಯೋ. ಒಂದು ಕೋಣೆಯಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರದೂ ಕೇಳಿಸದಿರುವಂತೆ, ಒಂದೇ ತರಂಗಾಂತರದಲ್ಲಿ ಎರಡು ಯಂತ್ರಗಳು ಒಟ್ಟಿಗೆ ಪ್ರಸಾರ ಮಾಡಿದರೆ ಎರಡೂ ಕೆಡುತ್ತವೆ. ಈ ಸಮಸ್ಯೆಯನ್ನು ಮೊದಲು ಎದುರಿಸಿದವರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಂಗಡಿಗರು ಸೇರಿದ್ದಾರೆ. 1971ರಲ್ಲಿ ಅವರು ದ್ವೀಪಗಳ ನಡುವೆ ರೇಡಿಯೋ ಮೂಲಕ ಕಂಪ್ಯೂಟರುಗಳನ್ನು ಜೋಡಿಸಿದರು. ಡಿಕ್ಕಿಯಾದರೆ ಅಡ್ಡಾದಿಡ್ಡಿ ಹೊತ್ತು ಕಾಯ್ದು ಮತ್ತೆ ಕಳಿಸುವುದು ಅವರ ಉಪಾಯ. ಇದರಿಂದ ಸ್ಫೂರ್ತಿ ಪಡೆದು ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ತಂತಿಯ ಈಥರ್‌ನೆಟ್ ರೂಪಿಸಿದರು. 1997ರಲ್ಲಿ ಮೊದಲ ಮಾನದಂಡ ಬಂದ ವೈ-ಫೈನಲ್ಲೂ ಅದೇ ನೀತಿಯ ಸುಧಾರಿತ ರೂಪವಿದೆ: ಮೊದಲು ಕಿವಿಗೊಡು, ಗಾಳಿ ಖಾಲಿಯಿದ್ದರೆ ಮಾತಾಡು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಂಚಿಕೆಯಾಗುವುದು ಬಿಟ್ ಅಲ್ಲ, ಹೊತ್ತು. ರೂಟರಿನ ಹತ್ತಿರದ ಯಂತ್ರ ಸೆಕೆಂಡಿಗೆ 60 ಮೆಗಾಬಿಟ್ ವೇಗದಲ್ಲಿಯೂ, ಎರಡು ಗೋಡೆಯಾಚೆಯ ಯಂತ್ರ 6 ಮೆಗಾಬಿಟ್ ವೇಗದಲ್ಲಿಯೂ ಮಾತಾಡುತ್ತಿದ್ದರೆ, ಅದೇ ಪೊಟ್ಟಣಕ್ಕೆ ದೂರದ್ದು ಹತ್ತು ಪಾಲು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತೂ ಹತ್ತಿರದ್ದು ಕಾಯಬೇಕು. ಆದ್ದರಿಂದ ರೂಟರನ್ನು ಕಬ್ಬಿಣದ ಬೀರುವಿನ ಹಿಂದೆಯೋ ಅಟ್ಟದ ಮೂಲೆಯಲ್ಲೋ ಇಡದೆ ಮನೆಯ ನಡುವೆ, ಎತ್ತರದಲ್ಲಿ, ತೆರೆದ ಜಾಗದಲ್ಲಿಡಬೇಕು. ಜಾಗ ಬದಲಿಸದ ಟೀವಿ, ಮೇಜಿನ ಕಂಪ್ಯೂಟರ್ ಇವುಗಳಿಗೆ ತಂತಿ ಎಳೆದರೆ ಗಾಳಿ ಉಳಿದವರಿಗೆ ಬಿಡುವಾಗುತ್ತದೆ.

ಬಾಗಿಲಲ್ಲಿ ನಿಂತ ಸಾಲು

ಈಗ ಮುಖ್ಯ ವಿಷಯ. ಸಂಪರ್ಕದ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಒಳಬರುವ ವೇಗ. ಹೊರಹೋಗುವ ವೇಗ ಕೆಲವು ಯೋಜನೆಗಳಲ್ಲಿ ಅಷ್ಟೇ ಇರುತ್ತದೆ, ಇನ್ನು ಕೆಲವದರಲ್ಲಿ ಬಹಳ ಕಡಿಮೆ. ನಾನು ವಿದ್ಯಾರ್ಥಿನಿಗೆ ಅದನ್ನು ಅಳೆದು ತಿಳಿಸಲು ಬರೆದೆ. ಅವಳ ಉತ್ತರ: ಒಳಕ್ಕೆ 96, ಹೊರಕ್ಕೆ 4. ಹೆಚ್ಚು ಹಣ ಕೊಟ್ಟ ಮೇಲೆ ಒಳದಾರಿ ಅಗಲವಾಗಿತ್ತು. ಹೊರದಾರಿ ಇದ್ದ ಹಾಗೇ ಇತ್ತು. ಅವಳ ಧ್ವನಿ ಹೋಗಬೇಕಾದದ್ದು ಹೊರದಾರಿಯಲ್ಲಿ.

ಶಿರಾಡಿ ಘಾಟಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಗಲವಾದ ರಸ್ತೆ ಘಾಟಿಯಲ್ಲಿ ಕಿರಿದಾದಾಗ ಲಾರಿಗಳ ಸಾಲು ಬೆಳೆಯುತ್ತದೆ. ಹಿಂದೆ ಬಂದ ಆಂಬುಲೆನ್ಸ್ ಚಿಕ್ಕದಾದರೂ, ಹಗುರವಾದರೂ ಕಾಯಲೇಬೇಕು. ಮನೆಯಲ್ಲಿ ವೈ-ಫೈ ಅಗಲವಾದ ರಸ್ತೆ, ಹೊರಹೋಗುವ ತಂತಿ ಘಾಟಿ, ಸಾಲು ನಿಲ್ಲುವ ಜಾಗ ರೂಟರ್ ಅಥವಾ ಮೋಡೆಮ್‌ನೊಳಗಿನ ಸ್ಮರಣೆ. ಧ್ವನಿಯ ಕರೆಗೆ ಬೇಕಾದದ್ದು ಸೆಕೆಂಡಿಗೆ ಸುಮಾರು 0.1 ಮೆಗಾಬಿಟ್ ಮಾತ್ರ. ಅದೇ ನಮ್ಮ ಆಂಬುಲೆನ್ಸ್.

ಸಾಲು ಎಷ್ಟು ಉದ್ದವಾಗಬಹುದು? ಪೆಟ್ಟಿಗೆಯಲ್ಲಿ 500 ಕಿಲೊಬೈಟ್ ಕಾಯಬಹುದೆಂದು ಇಟ್ಟುಕೊಳ್ಳಿ. ಅದು 4 ಮೆಗಾಬಿಟ್. ಹೊರದಾರಿಯ ವೇಗ ಸೆಕೆಂಡಿಗೆ 4 ಮೆಗಾಬಿಟ್. ಹಾಗಾದರೆ ಸಾಲಿನ ಕೊನೆಗೆ ಬಂದ ಪೊಟ್ಟಣ ಪೂರ್ತಿ ಒಂದು ಸೆಕೆಂಡ್ ಕಾಯಬೇಕು. ಸಂಭಾಷಣೆ ಸರಾಗವಾಗಿರಬೇಕಾದರೆ ಒಮ್ಮುಖ ವಿಳಂಬ ಸೆಕೆಂಡಿನ ಸಾವಿರದ 150 ಭಾಗದೊಳಗೆ ಇರುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಒಂದು ಸೆಕೆಂಡ್ ತಡವಾದರೆ ಅಧ್ಯಾಪಕರು ಮುಂದಿನವರನ್ನು ಕೇಳದೆ ಏನು ಮಾಡಿಯಾರು?

ಹಾಗಾದರೆ ಲಾರಿಗಳನ್ನು ಕಳಿಸುತ್ತಿದ್ದವರು ಯಾರು? ಮೂರು ಅಳತೆ ತೆಗೆಯಲು ಹೇಳಿದೆ. ಕಂಪ್ಯೂಟರುಗಳಲ್ಲಿ 'ಪಿಂಗ್' ಎಂಬ ಆಜ್ಞೆಯಿದೆ. 1983ರಲ್ಲಿ ಮೈಕ್ ಮೂಸ್ ಎಂಬುವರು ಬರೆದ ಈ ಪುಟ್ಟ ಕ್ರಮವಿಧಿ ಒಂದು ಪೊಟ್ಟಣ ಹೋಗಿ ಬರಲು ಹಿಡಿಯುವ ಕಾಲವನ್ನು ಮಿಲಿಸೆಕೆಂಡಿನಲ್ಲಿ ತೋರಿಸುತ್ತದೆ. ಅವಳ ಅಳತೆಗಳು: ಯಾರೂ ಬಳಸದಿದ್ದಾಗ 25. ತಮ್ಮ ಒಬ್ಬನೇ ಆಟವಾಡುವಾಗ 27. ಸಂಜೆ ಏಳರ ನಂತರ 1000ದ ಆಸುಪಾಸು, ತಮ್ಮನ ಮೊಬೈಲ್ ಆರಿಸಿದ್ದಾಗಲೂ.

ಏಳು ಗಂಟೆಗೆ ಮನೆಯಲ್ಲಿ ಬದಲಾಗುತ್ತಿದ್ದದ್ದು ಒಂದೇ. ತಂದೆಯವರು ಕೆಲಸದಿಂದ ಬರುತ್ತಿದ್ದರು. ಅವರದು ಕಟ್ಟಡಗಳ ಮೇಲ್ವಿಚಾರಣೆಯ ಕೆಲಸ. ದಿನವೂ ಕಾಮಗಾರಿಯ ವಿಡಿಯೋ ತೆಗೆಯುತ್ತಾರೆ. ಮನೆಯ ವೈ-ಫೈ ಸಿಕ್ಕೊಡನೆ ಅವರ ಮೊಬೈಲ್ ತಾನಾಗಿಯೇ ಅವನ್ನೆಲ್ಲ ದೂರದ ಸಂಗ್ರಹಕ್ಕೆ ಕಳಿಸತೊಡಗುತ್ತಿತ್ತು. ಮೊಬೈಲ್ ಜೇಬಿನಲ್ಲೇ ಇರುತ್ತಿತ್ತು. ಅವರಿಗೆ ಗೊತ್ತೇ ಇರಲಿಲ್ಲ. 1200 ಮೆಗಾಬೈಟ್ ವಿಡಿಯೋ ಎಂದರೆ 9600 ಮೆಗಾಬಿಟ್. 4ರಿಂದ ಭಾಗಿಸಿದರೆ 2400 ಸೆಕೆಂಡ್, ಅಂದರೆ 40 ನಿಮಿಷ. ತರಗತಿ ಬಹುಪಾಲು ಮುಗಿದೇ ಹೋಯಿತು. ತಮ್ಮನ ಆಟ ಕಳಿಸುವುದು ಅವನ ಬೆರಳಿನ ಚಲನೆಯಷ್ಟೇ ಚಿಕ್ಕ ಸುದ್ದಿಯನ್ನು. ಸಾಲು ಬೆಳೆದಾಗ ಅವನ ಆಟವೂ ಕೆಡುತ್ತಿತ್ತು. ಅವನು ಅಪರಾಧಿಯಲ್ಲ, ಅಕ್ಕನಂತೆ ಅವನೂ ಸಾಲಿನಲ್ಲಿ ನಿಂತವನು.

ಇಂಥದೇ ಘಟನೆ ಅಮೆರಿಕದ ಜಿಮ್ ಗೆಟ್ಟಿಸ್ ಎಂಬ ಕಂಪ್ಯೂಟರ್ ತಜ್ಞರ ಮನೆಯಲ್ಲೂ ನಡೆಯಿತು. 2010ರಲ್ಲಿ ಅವರು ಮನೆಯಿಂದ ದೊಡ್ಡ ಕಡತಗಳನ್ನು ಕಳಿಸುವಾಗ ಇಡೀ ಮನೆಯ ಅಂತರ್ಜಾಲ ನಿಧಾನವಾಗುವುದನ್ನು ಬೆನ್ನುಹತ್ತಿ ಹೋಗಿ, ಸ್ಮರಣೆ ಅಗ್ಗವಾಯಿತೆಂದು ಪೆಟ್ಟಿಗೆಗಳಲ್ಲಿ ಅತಿಯಾದ ಸಾಲಿನ ಜಾಗ ಕೊಟ್ಟಿರುವುದೇ ಕಾರಣವೆಂದು ತೋರಿಸಿದರು. ಇದಕ್ಕೆ ಅವರು 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. ಸಾಲಿನ ಹೊಟ್ಟೆಯುಬ್ಬರ ಎನ್ನಬಹುದು.

ತಡೆದು ಕಳಿಸುವ ಶಿಸ್ತು

ಸಾಲು ಉದ್ದವಿದ್ದರೆ ಕೆಡುಕೇಕೆ? ಕಳಿಸುವ ಕಂಪ್ಯೂಟರಿಗೆ ದಾರಿ ಎಷ್ಟು ಕಿರಿದು ಎಂಬುದು ಗೊತ್ತಿರುವುದಿಲ್ಲ. ಪೊಟ್ಟಣ ಕಳೆದುಹೋದಾಗ 'ಓಹೋ, ದಟ್ಟಣೆಯಾಗಿದೆ' ಎಂದು ಅರಿತು ವೇಗ ತಗ್ಗಿಸುತ್ತದೆ. ಈ ಶಿಸ್ತು ಕಲಿತದ್ದಕ್ಕೆ ಒಂದು ಕಥೆಯಿದೆ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ, ಕೇವಲ 400 ಗಜ ದೂರದಲ್ಲಿ, ಸಂಪರ್ಕದ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ದಟ್ಟಣೆಯಲ್ಲಿ ಪೊಟ್ಟಣ ಕಳೆದಷ್ಟೂ ಎಲ್ಲರೂ ಮತ್ತೆ ಮತ್ತೆ ಕಳಿಸುತ್ತ ದಾರಿಯನ್ನೇ ಮುಚ್ಚಿಬಿಟ್ಟಿದ್ದರು. ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದ ತಿರುಳು ಸರಳ: ನಿಧಾನವಾಗಿ ಆರಂಭಿಸು, ತೊಂದರೆ ಕಂಡರೆ ಹಿಂದೆ ಸರಿ. ಇಂದು ಕೋಟ್ಯಂತರ ಯಂತ್ರಗಳು ಈ ಸಂಯಮ ಪಾಲಿಸುವುದರಿಂದಲೇ ಅಂತರ್ಜಾಲ ನಿಂತಿದೆ.

ಸಾಲಿನ ಜಾಗ ಅತಿಯಾದರೆ ಈ ಸೂಚನೆಯೇ ತಡವಾಗುತ್ತದೆ. ಪೊಟ್ಟಣ ಕಳೆಯುವುದಿಲ್ಲ, ಕಾಯುತ್ತ ನಿಲ್ಲುತ್ತದೆ. ಕಳಿಸುವವನು ಎಲ್ಲ ಸರಿಯಿದೆ ಎಂದುಕೊಂಡು ಇನ್ನಷ್ಟು ಕಳಿಸುತ್ತಾನೆ. ಅದಕ್ಕೇ ಹೊಸ ವಿಧಾನಗಳು ಸಾಲನ್ನು ಚಿಕ್ಕದಾಗಿ ಇಟ್ಟು, ಪ್ರತಿಯೊಬ್ಬರಿಗೂ ಬೇರೆ ಸಾಲು ಮಾಡಿ, ಸರದಿಯಂತೆ ಒಂದೊಂದು ಪೊಟ್ಟಣ ಬಿಡುತ್ತವೆ. ಲಾರಿಗಳ ಸಾಲು ಬೇರೆ, ಆಂಬುಲೆನ್ಸ್ ಸಾಲು ಬೇರೆ. ಕೆಫೆ ಮಾಲೀಕರ ಕೂಗು ಯಂತ್ರದೊಳಗೆ ಬಂದಂತೆ! ಕೆಲವು ರೂಟರುಗಳಲ್ಲಿ ಈ ಸೌಲಭ್ಯವಿದೆ. ಹೊರಹೋಗುವ ವೇಗಕ್ಕೆ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಮಿತಿ ಹಾಕಿ ಅದನ್ನು ಚಾಲೂ ಮಾಡಬೇಕು. ಇಲ್ಲದಿದ್ದರೆ ಮನೆಯವರು ಮಾತಾಡಿಕೊಂಡು ಹೊತ್ತು ಹಂಚಿಕೊಳ್ಳುವುದು ಖರ್ಚಿಲ್ಲದ ಉಪಾಯ.

ಹಂಚಿಕೆಯಾಗದ ಒಂದು ವಸ್ತು

ವಿಳಾಸ ಹಂಚಬಹುದು, ದಾರಿ ಹಂಚಬಹುದು. ಹೊಣೆ ಮಾತ್ರ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೇ ಮೊದಲು ಬರುತ್ತದೆ. ಹೊರಗೆ ಕಾಣುವುದು ಒಂದೇ ವಿಳಾಸವಾದ್ದರಿಂದ, ನಿಮ್ಮ ವೈ-ಫೈ ಬಳಸಿ ಅಪರಿಚಿತನೊಬ್ಬ ಮಾಡಿದ ಕೆಲಸವೂ ನಿಮ್ಮ ಮನೆಯಿಂದಲೇ ನಡೆದಂತೆ ಕಾಣುತ್ತದೆ. ಆದ್ದರಿಂದ ವೈ-ಫೈ ಸಂಕೇತಪದ ಉದ್ದವಾಗಿರಲಿ. ಮನೆಯ ಹೆಸರು, ದೂರವಾಣಿ ಸಂಖ್ಯೆ ಬೇಡ. ರೂಟರಿನ ಒಳವ್ಯವಸ್ಥೆಗೆ ಕಾರ್ಖಾನೆಯಿಂದ ಬಂದ ಸಂಕೇತಪದವನ್ನು ಮೊದಲ ದಿನವೇ ಬದಲಾಯಿಸಿ. ನೆಂಟರಿಗೆ, ಸ್ನೇಹಿತರಿಗೆ 'ಅತಿಥಿ' ಜಾಲವನ್ನು ಪ್ರತ್ಯೇಕವಾಗಿ ತೆರೆಯುವ ಸೌಲಭ್ಯ ಇದ್ದರೆ ಬಳಸಿ. ಬಾಗಿಲಿಗೆ ಬಂದವರಿಗೆ ನೀರು ಕೊಡೋಣ, ಬೀರುವಿನ ಬೀಗದ ಕೈ ಕೊಡುವುದು ಬೇಡ.

ಮತ್ತೆ ಪತ್ರದ ಮಾತು

ವಿದ್ಯಾರ್ಥಿನಿಯ ಕೊನೆಯ ಪತ್ರ ಬಂದಿದೆ. ತಂದೆಯವರ ಮೊಬೈಲ್ ಈಗ ರಾತ್ರಿ ಎಲ್ಲರೂ ಮಲಗಿದ ಮೇಲೆ ವಿಡಿಯೋ ಕಳಿಸುತ್ತದೆ. ಯೋಜನೆಯನ್ನು ಮತ್ತೆ 40 ಮೆಗಾಬಿಟ್‌ಗೆ ಇಳಿಸಿ ಹಣ ಉಳಿಸಿದ್ದಾರೆ. ತರಗತಿಯಲ್ಲಿ ಅವಳ ಉತ್ತರ ಸರಿಯಾಗಿ ಕೇಳಿಸುತ್ತಿದೆ. ತಂದೆಯವರು ತಮ್ಮನನ್ನು ಕರೆದು, "ತಪ್ಪು ನಿನ್ನದಲ್ಲ ಮರಿ, ನನ್ನ ಜೇಬಿನದು" ಎಂದರಂತೆ. ಮೊಬೈಲ್ ಅವನ ಬಳಿಯೇ ಉಳಿದಿದೆ. ಆದರೆ ಪರೀಕ್ಷೆ ಹತ್ತಿರ ಬಂತೆಂದು ಈಗ ತಾಯಿಯವರು ಅದಕ್ಕೆ ದಿನಕ್ಕೆ ಅರ್ಧ ಗಂಟೆ ಎಂದು ಮಿತಿ ಹಾಕಿದ್ದಾರೆ. ಆ ದಟ್ಟಣೆಗೆ ನಮ್ಮ ವಿಜ್ಞಾನದಲ್ಲಿ ಪರಿಹಾರವಿಲ್ಲ!

ನೀವೇ ಮಾಡಿ ನೋಡಿ

1. ನಿಮ್ಮ ಮೊಬೈಲಿನ ವೈ-ಫೈ ವಿವರದಲ್ಲಿ ಐ.ಪಿ. ವಿಳಾಸ ನೋಡಿ. ಅದು ಮೇಲೆ ಹೇಳಿದ ಮೂರು ಗುಂಪುಗಳಲ್ಲಿ ಯಾವುದಕ್ಕೆ ಸೇರಿದೆ? ಮನೆಯ ಬೇರೆ ಯಂತ್ರಗಳ ವಿಳಾಸದಲ್ಲಿ ಯಾವ ಭಾಗ ಒಂದೇ, ಯಾವ ಭಾಗ ಬೇರೆ?

2. ಮನೆಯವರ ಒಪ್ಪಿಗೆ ಪಡೆದು, ಯಾರೂ ಬಳಸದಿದ್ದಾಗ ಒಮ್ಮೆ ಪಿಂಗ್ ಅಳತೆ ತೆಗೆಯಿರಿ. ಒಂದು ದೊಡ್ಡ ವಿಡಿಯೋ ಹೊರಗೆ ಕಳಿಸುತ್ತಿರುವಾಗ ಇನ್ನೊಮ್ಮೆ ತೆಗೆಯಿರಿ. ಎಷ್ಟು ಪಟ್ಟು ವ್ಯತ್ಯಾಸ?

3. ಅದೇ ಅಳತೆಯನ್ನು ರೂಟರಿನ ಪಕ್ಕ ಕುಳಿತು, ಬಳಿಕ ದೂರದ ಕೋಣೆಯಲ್ಲಿ ಕುಳಿತು ಮಾಡಿ. ತೊಂದರೆ ಗಾಳಿಯಲ್ಲಿದೆಯೋ ತಂತಿಯಲ್ಲಿದೆಯೋ ತಿಳಿಯುತ್ತದೆ.

ಫಲಿತಾಂಶಗಳನ್ನು ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳಿ. ಹೆಚ್ಚು ವೇಗಕ್ಕೆ ಹಣ ಕೊಡುವ ಮೊದಲು, ಮನೆಯಲ್ಲಿ ಯಾರ ಮೇಲಾದರೂ ತಪ್ಪು ಹೊರಿಸುವ ಮೊದಲು, ಆ ಕೋಷ್ಟಕವನ್ನೊಮ್ಮೆ ನೋಡಿ.